ಡಬ್ಬಿ ಕೇಂದ್ರದ್ದು, ಹಿತ್ತಲು ರಾಜ್ಯದ್ದು

ಫೆಬ್ರವರಿಯ ಮಳೆ ಹಿಡಿದರೆ ಬಿಡುವುದಿಲ್ಲ. ಹತ್ತಿ ಕಟ್ಟಿಗೆ ಕಿತ್ತ ಹೊಲಗಳಲ್ಲಿ ನೀರು ನಿಂತು, ಪೈನ್ ಮರಗಳ ಬುಡ ಮುಳುಗಿ, ತಲೂವಾ ಕೌಂಟಿಯ ಮಣ್ಣುರಸ್ತೆಗಳು ನಡೆಯುವವರ ಕಾಲಿನ ಬೂಟನ್ನೇ ಕಿತ್ತುಕೊಳ್ಳುವ ಕಾಲ. ಅಲಬಾಮಾದ ಈ ಭಾಗವೆಲ್ಲ ಎರೆಭೂಮಿ. ಎರೆಮಣ್ಣಿಗೆ ನೀರು ಕುಡಿಯುವ ಅಭ್ಯಾಸ ಇಲ್ಲ. ಹಟಮಾರಿ ಮಗು ಔಷಧಿ ನುಂಗದೆ ಕೂತ ಹಾಗೆ ನೀರನ್ನು ಬಾಯಲ್ಲಿಟ್ಟುಕೊಂಡು ಕೂತಿರುತ್ತದೆ.

ಶನಿವಾರ ಬೆಳಿಗ್ಗೆ ಒಜೆಲ್ಲಾ ಮೋಸ್ಲಿ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಸಲಿಕೆ ಹಿಡಿದು, ಮನೆಯ ಹಿಂದೆ ನಿಂತಿದ್ದಳು. ಮನೆ ಅಂದರೆ ಎಂದೋ ಚಕ್ರದ ಮೇಲೆ ಬಂದು ಇಳಿದು ಮತ್ತೆ ಮೇಲೇಳದ ತಗಡಿನ ಟ್ರೇಲರ್. ಅದರ ಕಕ್ಕಸಿನಿಂದ ಹೊರಟ ಬಿಳಿ ಪೈಪು ಹಿತ್ತಲು ದಾಟಿ, ಕಾಲುವೆಯ ಅಂಚಿನಲ್ಲಿ ಬಾಯಿ ತೆರೆದಿತ್ತು. ಆ ಬಾಯಿ ಈಗ ಕಟ್ಟಿಕೊಂಡಿತ್ತು. ಒಳಗೆ ಸ್ನಾನದ ತೊಟ್ಟಿಯಲ್ಲಿ ಹೊಲಸು ಮೇಲೆ ಬಂದಿತ್ತು.

ಅವಳು ಸಲಿಕೆ ಹಾಕಿದಳು. ಎತ್ತಿದಳು. ಪಕ್ಕಕ್ಕೆ ಎಸೆದಳು. ಎಸೆದದ್ದರಲ್ಲಿ ಅರ್ಧ ಜಾರಿ ಮತ್ತೆ ಕಾಲ ಬುಡಕ್ಕೇ ಬಂತು. ಮತ್ತೆ ಹಾಕಿದಳು. ಸೊಂಟ ಹಿಡಿಯಿತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳುವ ಹಾಗಿರಲಿಲ್ಲ, ಕೈಯಲ್ಲಿ ಏನಿದೆ ಅನ್ನುವುದು ಅವಳಿಗೆ ಗೊತ್ತಿತ್ತು.

ರಸ್ತೆಯಲ್ಲಿ ಹಳೆಯ ಟ್ರಕ್ಕು ನಿಧಾನವಾಯಿತು. ಚರ್ಚಿನ ಹಿರಿಯ ಡೀಕನ್ ಹೋಸಿಯಾ ಕಿಟಕಿಯಿಂದ ತಲೆ ಹಾಕಿದ.

"ಸಿಸ್ಟರ್ ಒಜೆಲ್ಲಾ, ಮೀನು ಬಿತ್ತಾ?"

"ಬಿದ್ದವೆ ಡೀಕನ್. ನಿಮ್ಮನೆ ಕಡೆಯಿಂದಲೇ ಈಜ್ಕೊಂಡು ಬಂದಂಗಿದೆ. ಇಳಿದು ಬಂದು ಗುರ್ತು ಹಿಡೀರಿ."

ಡೀಕನ್ ನಕ್ಕು ಮುಂದೆ ಹೋದ. ಅವನ ಮನೆಯ ಹಿಂದೆಯೂ ಇಂಥದೇ ಪೈಪಿತ್ತು. ಆ ರಸ್ತೆಯಲ್ಲಿ ಪೈಪಿಲ್ಲದ ಮನೆ ಒಂದೇ ಒಂದು, ಅದು ಸುಟ್ಟುಹೋಗಿತ್ತು.

ಒಜೆಲ್ಲಾ ಮಾಡಿದ ತಪ್ಪು ಒಂದೇ. ಹೋದ ಬೇಸಿಗೆಯಲ್ಲಿ, ಕಾನೂನು ಪ್ರಕಾರ ನಡೆಯೋಣ ಅಂದುಕೊಂಡಳು. ಕೌಂಟಿಯ ಆರೋಗ್ಯ ಕಛೇರಿಗೆ ತಾನಾಗಿಯೇ ಹೋಗಿ, ಸೆಪ್ಟಿಕ್ ಟ್ಯಾಂಕಿಗೆ ಪರವಾನಗಿ ಕೊಡಿ ಅಂತ ಕೇಳಿದಳು. ಇಬ್ಬರು ಬಂದರು. ಹಿತ್ತಲಲ್ಲಿ ಗುಂಡಿ ತೋಡಿ ನೀರು ತುಂಬಿದರು. ನೀರು ಬೇಗ ಇಂಗಿದರೆ ಪರವಾನಗಿ, ಇಂಗದಿದ್ದರೆ ಇಲ್ಲ. ಅವರು ನಿಂತರು, ಕೂತರು, ಅವಳು ಕೊಟ್ಟ ಸಿಹಿ ಟೀ ಕುಡಿದರು. ನೀರು ಇದ್ದಲ್ಲೇ ಇತ್ತು. ಮಾರನೆಯ ವಾರ ಬಂದು ನೋಡಿದರೂ ಇತ್ತು. ಆಮೇಲೆ ಅದರಲ್ಲಿ ಕಪ್ಪೆ ಮೊಟ್ಟೆಯಿಟ್ಟಿತು. ಕಪ್ಪೆಗೆ ಯಾರ ಪರವಾನಗಿಯೂ ಬೇಕಾಗಲಿಲ್ಲ.

ಈ ನೆಲಕ್ಕೆ ಮಾಮೂಲಿ ಟ್ಯಾಂಕು ಆಗುವುದಿಲ್ಲ, ದಿಬ್ಬ ಕಟ್ಟಿ ಮೋಟಾರು ಕೂರಿಸುವ ಬೇರೆ ನಮೂನೆಯದೇ ಬೇಕು ಅಂದರು. ಅದರ ಬೆಲೆ ಅವಳ ಮನೆಗಿಂತ ಜಾಸ್ತಿ. ನನ್ನ ಕೈಲಿ ಆಗಲ್ಲ ಅಂದಳು. "ಹಂಗಾದ್ರೆ ಈಗ ಎಲ್ಲಿಗೆ ಬಿಡ್ತಾ ಇದೀಯ?" ಅಂತ ಕೇಳಿದರು. ಅವಳು ಕರೆದುಕೊಂಡು ಹೋಗಿ ತೋರಿಸಿದಳು. ಕೇಳಿದ್ದಕ್ಕೆ ನಿಜ ಹೇಳುವುದು ಅವಳ ಅಮ್ಮ ಕಲಿಸಿದ ಮರ್ಯಾದೆ.

ಟ್ಯಾಂಕು ಇಡಲು ನೆಲ ಬಿಡುವುದಿಲ್ಲ. ಇಡದಿದ್ದರೆ ಕಾನೂನು ಬಿಡುವುದಿಲ್ಲ. ನೆಲದ ಮೇಲೆ ಕೇಸು ಹಾಕಲು ಬರುವುದಿಲ್ಲವಲ್ಲ, ಒಜೆಲ್ಲಾ ಮೇಲೆ ಹಾಕಿದರು.

ಕೇಸು ಹಾಕಿದ್ದು ಮಾತ್ರ ಅವಳಿಗೆ ಗೊತ್ತಾಗಲಿಲ್ಲ.

ಒಜೆಲ್ಲಾ ಕೆಲಸ ಮಾಡುವುದು ಕೌಂಟಿ ಶಾಲೆಯ ಅಡುಗೆಮನೆಯಲ್ಲಿ. ಆ ಶಾಲೆಯಲ್ಲಿ ಓದಿ ದೊಡ್ಡವರಾದವರೆಲ್ಲ ಅವಳ ಕೈಯ ಜೋಳದ ರೊಟ್ಟಿ ತಿಂದವರೇ. ಬುಧವಾರ ಮಧ್ಯಾಹ್ನ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಒಜೆಲ್ಲಾ ಕೂದಲಿಗೆ ಬಲೆಟೋಪಿ ಹಾಕಿಕೊಂಡು ಕಾಲರ್ಡ್ ಸೊಪ್ಪು ಬಡಿಸುತ್ತಿದ್ದಳು. ಡೆಪ್ಯುಟಿ ಡೆಮೆಟ್ರಿಸ್ ಒಳಗೆ ಬಂದ. ಶೆರೀಫನ ಕಛೇರಿಯ ಕಂದು ಸಮವಸ್ತ್ರ, ಹೊಸ ಬೂಟು. ಅವನೂ ಇದೇ ಸಾಲಿನಲ್ಲಿ ನಿಂತು ಎರಡನೇ ಸಲ ಸೊಪ್ಪು ಹಾಕಿಸಿಕೊಂಡವನು.

"ಮಿಸ್ ಒಜೆಲ್ಲಾ, ಸ್ವಲ್ಪ ಹೊರಗೆ ಬನ್ನಿ."

"ಇನ್ನೂ ಮೂರನೇ ಕ್ಲಾಸಿನೋರು ಉಂಡಿಲ್ಲ ಕಣಪ್ಪ. ಕೂತ್ಕೊ, ನಿಂಗೂ ಹಾಕ್ತೀನಿ."

"ವಾರಂಟ್ ಇದೆ ಮಿಸ್ ಒಜೆಲ್ಲಾ. ನೀವು ಕೋರ್ಟಿಗೆ ಬರ್ಲಿಲ್ಲ."

"ಯಾವ ಕೋರ್ಟಿಗೆ?"

"ಸಮನ್ಸು ಕೊಟ್ಟಿದ್ನಲ್ಲ. ನಿಮ್ಮ ಟಪಾಲು ಡಬ್ಬಿಲಿ ಇಟ್ಟಿದ್ದೆ."

ಸೌಟು ಅವಳ ಕೈಯಲ್ಲೇ ನಿಂತಿತು. "ಡಬ್ಬಿಲಿ? ಮಳೆಗಾಲದಲ್ಲಿ?"

ಆ ರಸ್ತೆಯಲ್ಲಿ ಮಳೆ ಹಿಡಿದ ಮೇಲೆ ಯಾರೂ ಡಬ್ಬಿ ತೆರೆಯುವುದಿಲ್ಲ. ಡಬ್ಬಿಗಳಿರುವುದು ರಸ್ತೆಯ ಪಕ್ಕ, ನಡುವೆ ತುಂಬಿದ ಚರಂಡಿ. ಟಪಾಲು ತರುವ ಅರ್ನೆಸ್ಟೀನ್ ಕಾಗದವಿದ್ದರೆ ಹಾರ್ನ್ ಹೊಡೆಯುತ್ತಾಳೆ. ಮನೆಯವರು ಹಲಗೆ ಹಾಕಿಕೊಂಡು ಬಂದು ಕೈಯಿಂದ ಕೈಗೆ ಈಸಿಕೊಳ್ಳುತ್ತಾರೆ. ಹಾರ್ನ್ ಆಗಲಿಲ್ಲ ಅಂದರೆ ಕಾಗದ ಇಲ್ಲ. ಇದು ಆ ರಸ್ತೆಯಲ್ಲಿ ಹುಟ್ಟಿದ ಡೆಮೆಟ್ರಿಸ್‌ಗೂ ಗೊತ್ತು.

"ಬಾಗಿಲಿಗೆ ಬಂದು ಕೊಡಬಾರದಿತ್ತಾ?"

ಅವನು ತನ್ನ ಬೂಟು ನೋಡಿಕೊಂಡ. "ನಿಮ್ಮ ಅಂಗಳ ಹೆಂಗಿತ್ತು ಅಂತ ನಿಮಗೇ ಗೊತ್ತಲ್ಲ."

ಅಷ್ಟೆ. ಅವನ ಬೂಟು ಕೆಸರಾಗಬಾರದಿತ್ತು. ಅದಕ್ಕೆ ಒಜೆಲ್ಲಾಳ ಕೈಗೆ ಕೋಳ ಬಿತ್ತು. ಹಿಟ್ಟು ಮೆತ್ತಿದ ಕೈ, ತೊಳೆದುಕೊಳ್ಳಲು ಬಿಡಲಿಲ್ಲ. ಮಕ್ಕಳ ಸಾಲು ಎರಡಾಗಿ ಸೀಳಿ ದಾರಿ ಬಿಟ್ಟಿತು. ಒಬ್ಬಳು ಪುಟ್ಟ ಹುಡುಗಿ, "ಮಿಸ್ ಒಜೆಲ್ಲಾ ಏನು ಕದ್ರು?" ಅಂತ ಪಕ್ಕದವಳನ್ನು ಕೇಳಿದಳು. ಒಜೆಲ್ಲಾಗೆ ಉತ್ತರ ಗೊತ್ತಿತ್ತು. ಊಟದ ಕೋಣೆಯಲ್ಲಿ ಆಡುವ ಮಾತಲ್ಲ ಅಂತ ಸುಮ್ಮನಾದಳು.

ಚರ್ಚಿನವರು ಜಾಮೀನು ನಿಂತು ಸಂಜೆಗೆ ಬಿಡಿಸಿಕೊಂಡು ಬಂದರು. ಶಾಲೆಯ ಹೆಡ್ಮಾಸ್ತರು ಫೋನು ಮಾಡಿದರು. ಒಳ್ಳೆಯ ಮನುಷ್ಯ, ದನಿ ತಗ್ಗಿಸಿ ಮಾತಾಡಿದರು. ಕೇಸು ಮುಗಿಯುವ ತನಕ ಬರುವುದು ಬೇಡ. ಅಪರಾಧಿ ಅಂತ ತೀರ್ಮಾನವಾದರೆ ಮತ್ತೆ ಬರುವುದೇ ಬೇಡ. ಮಕ್ಕಳ ಅನ್ನ ಮುಟ್ಟುವ ಕೈ, ಕೇಸು ನೋಡಿದರೆ ಇಂಥದ್ದು. ಅವಳಿಗಿದ್ದದ್ದು ಆ ಒಲೆಯೊಂದೇ. ಸಂಬಳ, ಸಕ್ಕರೆ ಕಾಯಿಲೆಯ ಔಷಧಿ, ಊರಿನಲ್ಲಿ ಅವಳ ಹೆಸರು, ಎಲ್ಲ ಆ ಒಲೆಯ ಮೇಲೇ ನಿಂತಿದ್ದವು.

ಮುಂದಿನ ಭಾನುವಾರ ವಾಷಿಂಗ್ಟನ್ನಿನಿಂದ ಒಬ್ಬ ಹೆಂಗಸು ಬಂದಳು. ಮಿಸ್ ಕೀಟಿಂಗ್, ಕೇಂದ್ರ ಸರ್ಕಾರದ ವಕೀಲೆ. ಈ ಕೌಂಟಿಯಲ್ಲಿ ಕರಿಯರಿಗೆ ಚರಂಡಿ ವ್ಯವಸ್ಥೆಯಲ್ಲಿ ಅನ್ಯಾಯವಾಗುತ್ತಿದೆಯೇ ಅಂತ ವಿಚಾರಣೆ ಮಾಡಲು ಬಂದವಳು. ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ, ಕರಿದ ಕೋಳಿಯ ತಟ್ಟೆ ಪಕ್ಕಕ್ಕೆ ಸರಿಸಿ, ಪೆನ್ನು ತೆಗೆದಳು.

ಒಜೆಲ್ಲಾ ಆ ಪೆನ್ನನ್ನೇ ನೋಡಿದಳು. ಅವಳಿನ್ನೂ ಚಿಕ್ಕವಳಿದ್ದಾಗ, ಕರಿಯರಿಗೆ ಓಟು ಕೊಡದ ಕಾಲದಲ್ಲಿ, ಅಮ್ಮ ಓಟಿಗೆ ಹೆಸರು ಬರೆಸಲು ಹೋದಳು ಅಂತ ಜಮೀನಿನ ಧಣಿ ಗುಡಿಸಲಿನಿಂದ ಹೊರಹಾಕಿದ. ಚಳಿಗಾಲವೆಲ್ಲ ಡೇರೆಯಲ್ಲಿ ಕಳೆದರು. ಕೋರ್ಟಿನ ಮೆಟ್ಟಿಲ ಮೇಲೆ ಶೆರೀಫನ ಕಡೆಯವರು ಅಮ್ಮನನ್ನು ಹೊಡೆಯುತ್ತಿದ್ದರೆ, ಎದುರಿನ ಮರದ ಕೆಳಗೆ ಕೇಂದ್ರದವರು ನಿಂತು ಬರೆದುಕೊಳ್ಳುತ್ತಿದ್ದರು. ಅಮ್ಮ ಸಾಯುವ ತನಕ ಅವರಿಗೆ ಬೇರೆ ಹೆಸರಿಡಲಿಲ್ಲ. ಬರ್ಕೊಳ್ಳೋರು. ಅಷ್ಟೆ.

"ನಿಮಗಾಗಿರೋದು ಅನ್ಯಾಯ, ಮಿಸ್ ಮೋಸ್ಲಿ," ಅಂದಳು ಮಿಸ್ ಕೀಟಿಂಗ್. ಮರ್ಯಾದೆಯ ಮಾತು, ಮರ್ಯಾದೆಯ ಕಣ್ಣು.

"ಹಂಗಾದ್ರೆ ನಿಲ್ಸಿ."

"ಅಲ್ಲೇ ತೊಡಕು. ಇದು ರಾಜ್ಯದ ಕಾನೂನು. ರಾಜ್ಯದ ಕೋರ್ಟಲ್ಲಿ ಸುರುವಾದ ಕೇಸಿಗೆ ಕೇಂದ್ರ ನಡುವೆ ಕೈ ಹಾಕೋ ಹಾಗಿಲ್ಲ. ಕೌಂಟಿ ಮೇಲೆ ನಾವು ಬೇರೆ ದಾವೆ ಹೂಡಬಹುದು. ವರ್ಷಗಳು ಹಿಡಿಯುತ್ತೆ. ನಿಮ್ಮ ಕೇಸು ಪೂರಾ ಮುಗಿದ ಮೇಲೆ ನೀವೂ ಮೇಲಿನ ಕೋರ್ಟಿಗೆ..."

"ಮುಗಿದ ಮೇಲೆ ಅಂದ್ರೆ? ಕೇಸು ಮುಗಿದ ಮೇಲೋ, ನಾನು ಮುಗಿದ ಮೇಲೋ?"

ಡೀಕನ್ ಹೋಸಿಯಾ ಕೋಳಿ ಕಾಲು ಕೆಳಗಿಟ್ಟ. "ಅಲ್ಲ ತಾಯಿ, ಪ್ರೆಸಿಡೆಂಟ್ರು ಯಾರ್ಯಾರಿಗೋ ಕ್ಷಮೆ ಕೊಡ್ತಾರಲ್ಲ. ನಮ್ಮ ಸಿಸ್ಟರಿಗೂ ಒಂದು ಕೊಡಿಸ್ರಲ್ಲ."

"ಅದು ಕೇಂದ್ರದ ಅಪರಾಧಕ್ಕೆ ಮಾತ್ರ. ರಾಜ್ಯದ ಅಪರಾಧಕ್ಕೆ ಪ್ರೆಸಿಡೆಂಟರ ಕೈಯೂ ಬರಲ್ಲ."

"ನೋಡು ಸಿಸ್ಟರ್," ಡೀಕನ್ ಒಜೆಲ್ಲಾ ಕಡೆ ತಿರುಗಿದ, "ಮಾಡೋದೇ ಮಾಡ್ದೆ, ಬ್ಯಾಂಕು ದೋಚ್ಬೇಕಿತ್ತು. ಅದು ಕೇಂದ್ರದ್ದು. ನೀನು ಹೋಗಿ ಹೋಗಿ ಕಕ್ಕಸಿಗೆ ಹೋದೆ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಮಿಸ್ ಕೀಟಿಂಗಳೂ ನಗಬೇಕೋ ಬೇಡವೋ ಅಂತ ಅರ್ಧ ನಕ್ಕಳು. ಒಜೆಲ್ಲಾ ನಗಲಿಲ್ಲ.

"ನಮ್ಮ ಕಾಲುವೆ ಹೋಗಿ ನದಿ ಸೇರುತ್ತಲ್ಲ. ನದಿ ಯಾರದ್ದು?"

"ನದಿಯ ನೀರು ಕೆಟ್ಟರೆ ಅದು ಕೇಂದ್ರದ ಕಾನೂನಿಗೆ ಬರುತ್ತೆ."

"ಸರಿ. ನನ್ನ ಹೇಲು ಕಾಲುವೆಲಿರೋ ತನಕ ರಾಜ್ಯದ್ದು. ನದಿಗೆ ಬಿದ್ಮೇಲೆ ಅಮೆರಿಕದ್ದು. ನಾನು ಮಾತ್ರ ಯಾರವಳೂ ಅಲ್ಲ."

ಮಿಸ್ ಕೀಟಿಂಗ್ ಬರೆದುಕೊಂಡಳು.

ಬರೆಯುತ್ತ ಬರೆಯುತ್ತ, ಸಮನ್ಸು ಹೇಗೆ ಬಂತು ಅಂತ ಕೇಳಿದಳು. ಒಜೆಲ್ಲಾ ಹೇಳಿದಳು. ಪೆನ್ನು ನಿಂತಿತು.

"ಡೆಪ್ಯುಟಿ ತಾನೇ ಡಬ್ಬಿಲಿ ಇಟ್ಟನಾ? ಅದಕ್ಕೆ ಸ್ಟಾಂಪು ಹಚ್ಚಿದ್ನಾ?"

"ಇಲ್ಲ. ನಾಲ್ಕು ಮಡಿಕೆ ಮಾಡಿ ತುರುಕಿದ್ದ. ಆಮೇಲೆ ನೋಡಿದ್ರೆ ಅರ್ಧ ನೆನೆದೋಗಿತ್ತು."

ಮಿಸ್ ಕೀಟಿಂಗಳ ಮುಖಕ್ಕೆ ರಕ್ತ ಬಂತು. ಬೆಳಗಿನಿಂದ ಅವಳು ಅಷ್ಟು ನೆಟ್ಟಗೆ ಕೂತಿರಲಿಲ್ಲ. "ಟಪಾಲು ಡಬ್ಬಿ ಕೇಂದ್ರದ ಕಾನೂನಿನ ರಕ್ಷಣೆಲಿದೆ. ಸ್ಟಾಂಪಿಲ್ಲದ ಕಾಗದ ಅದರೊಳಗೆ ಯಾರೂ ಹಾಕೋ ಹಾಗಿಲ್ಲ. ಅದು ಅಪರಾಧ. ಕೇಂದ್ರದ ಅಪರಾಧ!"

ಡೀಕನ್ ಕತ್ತು ಮುಂದೆ ಚಾಚಿದ. "ಅಂದ್ರೆ... ಇವಳ ಹಿತ್ತಲಿಗೆ ನಿಮ್ಮ ಕೈ ಬರಲ್ಲ. ಅಡುಗೆಮನೆಗೆ ಬರಲ್ಲ. ಕೋಳ ಹಾಕಿದ್ರೂ ಬರಲ್ಲ. ಡಬ್ಬಿ ಮುಟ್ಟಿದ್ರೆ ಬರುತ್ತೆ?"

"ಕಾನೂನು ಹಾಗಿದೆ," ಅಂದಳು ಮಿಸ್ ಕೀಟಿಂಗ್.

"ಸಿಸ್ಟರ್, ಇವತ್ತೇ ಮನೆಗೋಗಿ ಡಬ್ಬಿಯೊಳಗೆ ಕೂತ್ಕೊಂಡು ಬುಡು."

ಈ ಸಲ ಒಜೆಲ್ಲಾಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಆ ನೀರು ನಕ್ಕದ್ದಕ್ಕೆ ಬಂದದ್ದಲ್ಲ ಅಂತ ಪಕ್ಕದಲ್ಲಿ ಕೂತ ಹೆಂಗಸಿಗೆ ಗೊತ್ತಾಗಿ, ಅವಳ ತೊಡೆಯ ಮೇಲೆ ಕೈಯಿಟ್ಟಳು. ವಾಷಿಂಗ್ಟನ್ನಿನವಳು ಡಬ್ಬಿಯ ವಿಷಯವನ್ನು ಒಂದು ಪುಟದ ತುಂಬ ಬರೆದುಕೊಂಡು ಹೋದಳು. ಅವಳ ಬೂಟಿಗೂ ಕೆಸರು ಹತ್ತಿರಲಿಲ್ಲ. ಡೀಕನ್ ಹಲಗೆ ಹಾಕಿಸಿದ್ದ.

ಡಬ್ಬಿಯ ಸುದ್ದಿ ಕೋರ್ಟಿನ ಊರು ಮುಟ್ಟಿತು. ರಾಜ್ಯದ ಪರ ಕೇಸು ನಡೆಸುವ ಸರ್ಕಾರಿ ವಕೀಲ ಥ್ರ್ಯಾಶರ್ ಒಜೆಲ್ಲಾಳನ್ನು ಕರೆಸಿಕೊಂಡ. ಬಿಳಿಯ, ತಾತನ ಕಾಲದಿಂದ ಇದೇ ಕುರ್ಚಿಯ ಮನೆತನ. ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಅವಳನ್ನು ನಿಲ್ಲಿಸಿಯೇ ಮಾತಾಡಿದ.

"ನೋಡು ಒಜೆಲ್ಲಾ, ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ."

"ಆಯ್ತು ಮಿಸ್ಟರ್ ಥ್ರ್ಯಾಶರ್."

"ಆ ಡಬ್ಬಿ ವಿಷಯ ಬಿಟ್ಟುಬಿಡು. ಹುಡುಗ ಏನೋ ಅವಸರದಲ್ಲಿ ಹಾಕಿದಾನೆ. ನೀನು ತಪ್ಪಾಯ್ತು ಅಂತ ಒಂದು ಮಾತು ಹೇಳು. ಜೈಲಿಲ್ಲ, ಏನಿಲ್ಲ. ಜಡ್ಜಿಗೆ ನಾನು ಹೇಳ್ತೀನಿ. ಸಂಜೆ ಹೊತ್ತಿಗೆ ಮನೆಲಿರ್ತೀಯ."

"ತಪ್ಪಾಯ್ತು ಅಂದ್ರೆ ಶಾಲೆಲಿ ಕೆಲ್ಸ ಹೋಗುತ್ತೆ."

"ಅದು ಶಾಲೆಯವರ ವಿಚಾರ. ನನ್ನ ಕೈಲಿಲ್ಲ."

"ಯಾರ ಕೈಲೂ ಏನೂ ಇಲ್ಲ," ಅಂದಳು ಒಜೆಲ್ಲಾ. "ಎಲ್ಲರ ಕೈಯೂ ಚೊಕ್ಕಟ. ಸಲಿಕೆ ಇರೋದು ನನ್ನ ಕೈಲೊಂದೇ."

ಅವನು ಗಡಿಯಾರ ನೋಡಿದ. "ಒಂದು ಮಾತು, ಒಜೆಲ್ಲಾ. ಎಷ್ಟು ಹೊತ್ತಾಗುತ್ತೆ?"

"ನಾನೊಂದು ಕೇಳ್ಲಾ? ಈ ಕಟ್ಟಡದ ಕಕ್ಕಸಿಂದು ಎಲ್ಲಿಗೆ ಹೋಗುತ್ತೆ?"

"ಟೌನಿನ ಚರಂಡಿ ಹೊಂಡಕ್ಕೆ. ಎಲ್ಲ ಕ್ರಮವಾಗಿದೆ."

"ಹೊಂಡ ಇರೋದು ನಮ್ಮ ರಸ್ತೆ ಮೇಲುಗಡೆ. ಮಳೆ ಬಂದಾಗ ಅದು ಉಕ್ಕಿದ್ರೆ ಎಲ್ಲಿಗೆ ಬರುತ್ತೆ?"

ಥ್ರ್ಯಾಶರ್ ಮೇಜಿನ ಮೇಲಿನ ಕಾಗದ ಜೋಡಿಸಿದ.

"ನನ್ನ ಹಿತ್ತಲಿಗೆ. ನಿಮ್ಮದು, ಜಡ್ಜಿದು, ಶೆರೀಫಂದು. ನಿಮ್ಮಪ್ಪಂದೂ ಎತ್ತಾಕಿದೀನಿ ಮಿಸ್ಟರ್ ಥ್ರ್ಯಾಶರ್. ಇದು ಇಂಥವರದ್ದು ಅಂತ ನಾನು ಯಾವತ್ತಾದ್ರೂ ಕೋರ್ಟಿಗೆ ಬಂದ್ನಾ? ಎತ್ತಾಕಿ ಕೈ ತೊಳ್ಕೊಂಡು ಮಕ್ಕಳಿಗೆ ಬಡಿಸೋಕೆ ಹೋದೆ. ತಪ್ಪಾಯ್ತು ಅನ್ನೋ ಮಾತು ನನ್ನ ಬಾಯಿಂದ ಬರಲ್ಲ. ಆಗಿಲ್ಲ ತಪ್ಪು."

"ಹಾಗಾದ್ರೆ ವಿಚಾರಣೆ ಆಗುತ್ತೆ."

"ಆಗ್ಲಿ. ಜ್ಯೂರಿ ಕೂರ್ಸಿ. ನಮ್ಮ ಕೌಂಟಿಯೋರೇ ಹನ್ನೆರಡು ಜನ ಕೂತು ತೀರ್ಪು ಹೇಳ್ಲಿ. ಕಾನೂನಲ್ಲಿ ಇದೆಯಂತಲ್ಲ."

ಅವಳು ತಾನೇ ಹೊರಗೆ ಬಂದಳು. ಮೆಟ್ಟಿಲಿಳಿಯುವಾಗ ಪಕ್ಕದ ಕಂಬಿ ಹಿಡಿದುಕೊಂಡು ಸ್ವಲ್ಪ ನಿಂತಳು. ಅಮ್ಮ ಹೊಡೆಸಿಕೊಂಡ ಮೆಟ್ಟಿಲು ಇದೇ. ಈಗ ಅದಕ್ಕೆ ಹೊಸ ಕಲ್ಲು ಹಾಕಿದ್ದರು.

ಏಪ್ರಿಲ್ಲಿನಲ್ಲಿ ಜ್ಯೂರಿ ಆರಿಸುವ ದಿನ ಬಂತು. ಕೌಂಟಿಯ ಮೂಲೆಮೂಲೆಯಿಂದ ನಲವತ್ತು ಚಿಲ್ಲರೆ ಜನರನ್ನು ಚೀಟಿ ಎತ್ತಿ ಕರೆಸಿದ್ದರು. ಕರಿಯರೇ ಹೆಚ್ಚು, ನಡುನಡುವೆ ಬಿಳಿಯ ರೈತರು, ಮರದ ಮಿಲ್ಲಿನವರು. ಭಾನುವಾರದ ಬಟ್ಟೆ ಹಾಕಿಕೊಂಡು, ಬೈಬಲ್ ಮೇಲೆ ಪ್ರಮಾಣ ಮಾಡಿ, ಬೆಂಚುಗಳಲ್ಲಿ ಕೂತರು. ಚೀಟಿಯಲ್ಲಿ ಡೀಕನ್ ಹೋಸಿಯಾ ಹೆಸರೂ ಬಂದಿತ್ತು. ಡೆಪ್ಯುಟಿ ಡೆಮೆಟ್ರಿಸನ ತಾಯಿಯ ಹೆಸರೂ ಬಂದಿತ್ತು. ಹಿಂದಿನ ಸಾಲಿನಲ್ಲಿ ಮಿಸ್ ಕೀಟಿಂಗ್ ಪೆನ್ನು ಬಿಚ್ಚಿಕೊಂಡು ಕೂತಿದ್ದಳು.

ಒಜೆಲ್ಲಾ ಪರವಾಗಿ ಕೌಂಟಿ ಕೊಟ್ಟ ವಕೀಲ ಬೆಳಗ್ಗೆಯೇ ಒಂದು ಆಕಳಿಕೆ ಮುಗಿಸಿದ್ದ. ಅವನು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ಥ್ರ್ಯಾಶರ್ ಜಾಣ. ಆರೋಪಿಯ ಮೇಲೆ ಕನಿಕರ ಇರುವವರನ್ನು ಮೊದಲೇ ಜರಡಿ ಹಿಡಿಯೋಣ ಅಂದುಕೊಂಡ. ಎದ್ದು ಕೋಟಿನ ಗುಂಡಿ ಹಾಕಿಕೊಂಡು ಕೇಳಿದ:

"ಮನೆಯ ಹೊಲಸನ್ನ ಪೈಪಿನಿಂದ ನೇರ ಹೊರಕ್ಕೆ ಬಿಡೋರು ನಿಮ್ಮಲ್ಲಿ ಯಾರಾದ್ರೂ ಇದ್ರೆ ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ.

ಡೀಕನ್ ಹೋಸಿಯಾ ಎದ್ದ. ಟೋಪಿ ಎದೆಗೆ ಹಿಡಿದುಕೊಂಡಿದ್ದ. "ಮಿಸ್ಟರ್ ಥ್ರ್ಯಾಶರ್, ಒಂದು ಅನುಮಾನ. ಕೈ ಎತ್ತಿದೋರಿಗೆ ಸಮನ್ಸು ಇಲ್ಲೇ ಕೊಡ್ತೀರೋ, ಇಲ್ಲ ಡಬ್ಬಿಲಿ ಹಾಕಿಸ್ತೀರೋ?"

ಬೆಂಚುಗಳು ನಕ್ಕವು. ಜಡ್ಜಿ ಸುತ್ತಿಗೆ ಕುಟ್ಟಿದ. ಕುಟ್ಟಿದ ಮೇಲೆ ಅವನಿಗೂ ತೊಡಕು ಕಾಣಿಸಿತು. ಪ್ರಮಾಣ ಮಾಡಿ ಕೂತವರು ಹೌದು ಅಂದರೆ ತಮ್ಮ ಮೇಲೆ ತಾವೇ ಕೇಸು ಹಾಕಿಕೊಂಡ ಹಾಗೆ, ಇಲ್ಲ ಅಂದರೆ ಸುಳ್ಳು ಪ್ರಮಾಣ. ಗಂಟಲು ಸರಿಮಾಡಿಕೊಂಡು, ಬೇಡದ ಮನಸ್ಸಿನಿಂದ ಹೇಳಿದ: ತನ್ನನ್ನೇ ಅಪರಾಧಿ ಮಾಡುವಂಥ ಪ್ರಶ್ನೆಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಈ ಹಕ್ಕನ್ನು ಅಮೆರಿಕದ ಸಂವಿಧಾನವೇ ಕೊಟ್ಟಿದೆ. ರಾಜ್ಯದ ಕೋರ್ಟಿನಲ್ಲೂ ನಡೆಯುತ್ತದೆ.

"ಅಂದ್ರೆ ಕೇಂದ್ರ ನಮಗೂ ಒಂದು ಕೊಟ್ಟಿದೆ," ಅಂದ ಡೀಕನ್. "ಬಾಯಿ ಮುಚ್ಕೊಂಡಿರೋ ಹಕ್ಕು. ಬಾಳ ಉಪಕಾರ. ನಾನು ಅದನ್ನೇ ತಗೋತೀನಿ." ಕೂತುಕೊಂಡ.

ಥ್ರ್ಯಾಶರ್ ಒಬ್ಬೊಬ್ಬರನ್ನೇ ಕೇಳಬೇಕಾಯಿತು. ಮೊದಲ ಬೆಂಚಿನವಳು ಎದ್ದಳು. "ಡೀಕನ್ ತಗೊಂಡಿದ್ದೇ ನನಗೂ ಕೊಡಿ." ಪಕ್ಕದವನು, "ನಂಗೂ ಅದೇ." ಮೂರನೆಯವಳು ಬರೀ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಬಿಳಿಯ ರೈತನೊಬ್ಬ, ಕೆಂಪು ಕುತ್ತಿಗೆ, ಹತ್ತಿ ಮಾರುವ ಕಡೆ ಥ್ರ್ಯಾಶರನ ಸ್ನೇಹಿತ, ಎದ್ದು ನೆಲ ನೋಡುತ್ತ ನಿಂತ.

"ಏನಪ್ಪ, ನೀನೂನಾ?"

"ನಮ್ಮದೂ ಎರೆಮಣ್ಣೇ ಕಣಯ್ಯ," ಅಂದು ಅವನು ಕೂತ.

ಸಾಲು ಡೆಮೆಟ್ರಿಸನ ತಾಯಿಯ ತನಕ ಬಂತು. ಮಗ ಸಮವಸ್ತ್ರದಲ್ಲಿ ಬಾಗಿಲ ಹತ್ತಿರ ನಿಂತಿದ್ದ. ಮುದುಕಿ ಕೋಲೂರಿ ಎದ್ದಳು. ಥ್ರ್ಯಾಶರನನ್ನು ನೋಡಲಿಲ್ಲ. ಮಗನನ್ನು ನೋಡಿದಳು.

"ನಮ್ಮನೆ ಹಿಂದುಗಡೆ ಏನಿದೆ ಅಂತ ನನ್ನನ್ನ ಯಾಕೆ ಕೇಳ್ತೀರ? ನಿಮ್ಮ ಡೆಪ್ಯುಟಿನ ಕೇಳಿ. ಇಪ್ಪತ್ತು ವರ್ಷ ಅವನೇ ಅಲ್ವಾ ಬಿಟ್ಟಿದ್ದು."

ಡೆಮೆಟ್ರಿಸ್ ಬೂಟು ನೋಡಿಕೊಂಡ. ಕೋರ್ಟಿನಲ್ಲಿ ಎದ್ದ ನಗುವನ್ನು ಜಡ್ಜಿ ಎಷ್ಟು ಕುಟ್ಟಿದರೂ ಕೂರಿಸಲಾಗಲಿಲ್ಲ. ಸುತ್ತಿಗೆಯವನೇ ಕೊನೆಗೆ ತುಟಿ ಕಚ್ಚಿಕೊಂಡ.

ಪೈಪಿಲ್ಲದ ಹನ್ನೆರಡು ಜನ ಸಿಗದೆ, ಊಟದ ಬಿಡುವಿನ ನಂತರ ಥ್ರ್ಯಾಶರ್ ಕೇಸನ್ನು ಹಿಂದಕ್ಕೆ ತೆಗೆದುಕೊಂಡ. ಸದ್ಯಕ್ಕೆ ಮಾತ್ರ. ಬೇಕಾದಾಗ ಮತ್ತೆ ಹಾಕುವ ಹಕ್ಕು ರಾಜ್ಯಕ್ಕಿದೆ ಅಂತ ಎರಡು ಸಲ ಹೇಳಿದ. ಮಿಸ್ ಕೀಟಿಂಗ್ ಹೊರಗೆ ಬಂದು ಒಜೆಲ್ಲಾಳ ಕೈ ಹಿಡಿದುಕೊಂಡಳು. "ಅದ್ಭುತ, ಮಿಸ್ ಮೋಸ್ಲಿ. ನಾನು ಎಲ್ಲಾ ಬರ್ಕೊಂಡಿದೀನಿ."

"ಗೊತ್ತು ತಾಯಿ," ಅಂದಳು ಒಜೆಲ್ಲಾ. "ನೀವು ಮರೆಯೋರಲ್ಲ."

ಶಾಲೆಯವರು ವಾಪಸು ಕರೆದರು. ಒಲೆ ಹಾಗೇ ಇತ್ತು. ಸೌಟು ಯಾರೋ ಬೇರೆ ಮೊಳೆಗೆ ನೇತುಹಾಕಿದ್ದರು. ತೆಗೆದು ತನ್ನ ಮೊಳೆಗೆ ಹಾಕಿದಳು. ಮೊದಲ ದಿನ, ಕೋಳ ಹಾಕಿದಾಗ ಕೇಳಿದ್ದ ಪುಟ್ಟ ಹುಡುಗಿ ತಟ್ಟೆ ಹಿಡಿದು ಬಂದಳು. "ಮಿಸ್ ಒಜೆಲ್ಲಾ, ನೀವೇನು ಕದ್ದಿದ್ರಿ?"

"ಏನೂ ಇಲ್ಲ ಕಂದ. ಅವರ ಹತ್ರ ಕದಿಯೋ ಅಂಥದ್ದು ಏನಿತ್ತು? ತಿನ್ನು."

ಜೂನ್ ತಿಂಗಳು ಬಂತು. ಶಾಲೆಗೆ ರಜೆ. ಗುಡುಗು ಮಳೆ ಮಧ್ಯಾಹ್ನಕ್ಕೊಂದು ಸುರಿದು, ಹಿತ್ತಲು ಮತ್ತೆ ತುಂಬಿತು. ಪೈಪಿನ ಬಾಯಿ ಮತ್ತೆ ಕಟ್ಟಿತು. ಒಜೆಲ್ಲಾ ಸಲಿಕೆ ಹಾಕುತ್ತಿದ್ದಾಗ ರಸ್ತೆಯಲ್ಲಿ ಹಾರ್ನ್ ಆಯಿತು. ಅವಳು ಸಲಿಕೆ ಹಿಡಿದೇ, ಹಲಗೆ ಹಾಕಿಕೊಂಡು ಚರಂಡಿ ದಾಟಿ ಬಂದಳು. ಅರ್ನೆಸ್ಟೀನ್ ಗಾಡಿಯ ಕಿಟಕಿಯಿಂದ ಎರಡು ಲಕೋಟೆ ಚಾಚಿದಳು.

"ಒಂದು ನಮ್ಮ ಅಂಚೆಯೋರದ್ದೇ ಕಣೆ. ಓದು, ನಗು ಬರುತ್ತೆ. ಊರಿಗೆಲ್ಲ ಗೊತ್ತಾಗೋಯ್ತು."

ಒಜೆಲ್ಲಾ ಬೆರಳು ಬಟ್ಟೆಗೆ ಒರೆಸಿ ಒಡೆದಳು. ಡಬ್ಬಿಯ ಬಗ್ಗೆ ಬಂದ ದೂರನ್ನು ಕೂಲಂಕಷವಾಗಿ ವಿಚಾರಿಸಲಾಗಿದೆ. ಶೆರೀಫನ ಕಛೇರಿ ತಪ್ಪನ್ನು ಒಪ್ಪಿಕೊಂಡು, ಆ ಕಾಗದಕ್ಕೆ ತಗಲಬೇಕಿದ್ದ ಒಂದು ಸ್ಟಾಂಪಿನ ಬೆಲೆಯನ್ನು ಕಟ್ಟಿದೆ. ಬಾಕಿ ತೀರಿದೆ. ಪ್ರಕರಣ ಮುಕ್ತಾಯ. ತಮ್ಮ ಸಹಕಾರಕ್ಕೆ ವಂದನೆಗಳು.

"ಅಂದ್ರೆ ತಪ್ಪಾಯ್ತು ಅಂದ್ರು," ಅಂದಳು ಒಜೆಲ್ಲಾ.

"ಹೂಂ. ಡಬ್ಬಿಗೆ."

ಎರಡನೆಯ ಲಕೋಟೆ ದಪ್ಪಗಿತ್ತು. ಮೂಲೆಯಲ್ಲಿ ಥ್ರ್ಯಾಶರನ ಕಛೇರಿಯ ವಿಳಾಸ. ಒಳಗೇನಿದೆ ಅಂತ ಒಡೆಯದೆಯೇ ತಿಳಿಯಿತು. ಅದೇ ಪೈಪು, ಅದೇ ಕಾಲುವೆ, ಕೇಸಿಗೆ ಹೊಸ ನಂಬರು. ಈ ಸಲ ಸ್ಟಾಂಪು ಅಚ್ಚುಕಟ್ಟಾಗಿ ಅಂಟಿತ್ತು. ಸ್ಟಾಂಪಿನ ಮೇಲೆ ಅಮೆರಿಕದ ಬಾವುಟ ಗಾಳಿಯಲ್ಲಿ ಹಾರುತ್ತಿತ್ತು.

"ಕಲ್ತವ್ರೆ ನೋಡು," ಅಂದಳು ಅರ್ನೆಸ್ಟೀ‌ನ್.

ಒಜೆಲ್ಲಾ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದನ್ನ ನಾನು ತಗೊಳ್ದಿದ್ರೆ?"

"ಒಡೀದೆ, ಬೇಡ ಅಂತ ಬರೆದ್ರೆ ವಾಪಸು ತಗೊಂಡೋಗ್ತೀನಿ. ಅದಕ್ಕೆ ನೀನು ಬೇರೆ ಸ್ಟಾಂಪು ಹಚ್ಚೋದು ಬೇಡ. ಹೋಗೋದಕ್ಕೂ ಬರೋದಕ್ಕೂ ಅದೇ ಸಾಕು. ಆದ್ರೆ ಒಜೆಲ್ಲಾ, ಮತ್ತೆ ವಾರಂಟು ಅಂತಾರೆ."

"ಅನ್ಲಿ. ಹಿಡಿಯೋಕೆ ಬರೋರು ಇಲ್ಲಿಗೆ ಬರ್ಲಿ. ಇದೇ ಅಂಗಳ ತುಳ್ಕೊಂಡು, ಇದೇ ಹೊಲಸಲ್ಲಿ ಮೊಣಕಾಲು ಹೂತ್ಕೊಂಡು, ನನ್ನ ಬಾಗಿಲಿಗೆ ಬಂದು ಕೈಗೆ ಕೊಡ್ಲಿ. ಹಲಗೆ ಎತ್ತಿಟ್ಟಿರ್ತೀನಿ. ಜ್ಯೂರಿ ಅಂತೂ ಊರ ತುಂಬ ಇದೆ."

"ಪೆನ್ನು ಬೇಕಾ?"

"ಕೊಡು. ಇವತ್ತು ನಾನೂ ಸ್ವಲ್ಪ ಬರ್ಕೊಳ್ಳೋಣ."

ವಿಳಾಸದ ಮೇಲೆ ಅಡ್ಡಗೀಟು ಎಳೆದು, ದಪ್ಪ ಅಕ್ಷರದಲ್ಲಿ ಬರೆದಳು. ಬೇಡ. ಕೈಯ ಕೆಸರು ಲಕೋಟೆಗೆ ಹತ್ತಿತು. ಬಾವುಟಕ್ಕೂ ಹತ್ತಿತು. ಅರ್ನೆಸ್ಟೀನ್ ಕೈ ಚಾಚಿದಳು. ಒಜೆಲ್ಲಾ ಕೊಡಲಿಲ್ಲ. "ಡಬ್ಬಿಲೇ ಹಾಕ್ತೀನಿ. ಕಾನೂನು ಪ್ರಕಾರ ಹೋಗ್ಲಿ."

ಲಕೋಟೆಯನ್ನು ಡಬ್ಬಿಯೊಳಗಿಟ್ಟು ಬಾಗಿಲು ಮುಚ್ಚಿದಳು. ಕೊಂಡೊಯ್ಯಲು ಕಾಗದವಿದೆ ಅಂತ ತೋರಿಸುವ ತಗಡಿನ ಸಣ್ಣ ಕೆಂಪು ಬಾವುಟ ಡಬ್ಬಿಯ ಪಕ್ಕದಲ್ಲಿ ಮಲಗಿತ್ತು. ತುಕ್ಕು ಹಿಡಿದು ಬಿಗಿಯಾಗಿತ್ತು. ಸಲಿಕೆಯ ಹಿಡಿಯಿಂದ ಎರಡು ಏಟು ಹಾಕಿ ಅದನ್ನು ಎತ್ತಿ ನಿಲ್ಲಿಸಿದಳು. ಆಮೇಲೆ ಹಲಗೆ ಎಳೆದುಕೊಂಡು ಹಿತ್ತಲಿಗೆ ಹೋದಳು. ಪೈಪು ಇನ್ನೂ ಅರ್ಧ ಕಟ್ಟಿತ್ತು.